ಬಿಟ್ಟ ಜಾಗ

“ಮಣ್ಣಿಗೆ ಬಂದೇವ್ರಿ, ಸಾವ್ಕಾರ್ರ.”

ಶಾಹೀನ ಅಂದದ್ದು ಇಷ್ಟೇ. ಮುರುಗೆಪ್ಪನ ಮುಖ ಬಿಳಿಚಿತು.

ಹುಬ್ಬಳ್ಳಿ ಕಡೆ ಆ ಮಾತಿಗೆ ಒಂದೇ ಅರ್ಥ: ಯಾರೋ ತೀರಿಕೊಂಡಿದ್ದಾರೆ, ಹೂಳುವುದಕ್ಕೆ ಬಂದಿದ್ದೇವೆ. ಮಣ್ಣು ಪರೀಕ್ಷೆ ಮಾಡುವ ಎಂಜಿನಿಯರಳ ಬಾಯಲ್ಲಿ ಮಾತ್ರ ಅದು ದಿನಬೆಳಗಾದರೆ ಬರುವ ಮಾತು. ಬೇರೆಯವರಾಗಿದ್ದರೆ “ಯಾರದ್ರೀ?” ಎಂದು ಚೇಷ್ಟೆ ಮಾಡುತ್ತಿದ್ದರು. ಮುರುಗೆಪ್ಪ ನಗಲಿಲ್ಲ.

“ಬರ್ರಿ ಮೇಡಂ,” ಎಂದ. “ಭಾಳ ತಡಾ ಆತು.”

ಬೆಳಗ್ಗೆ ಹತ್ತಕ್ಕೆ ಬರುತ್ತೇನೆ ಎಂದಿದ್ದಳು. ಇನ್ನೂ ಹತ್ತಾಗಿರಲಿಲ್ಲ.

ಗಬ್ಬೂರಿನ ಬೈಪಾಸಿಗೆ ಹೊಂದಿಕೊಂಡ ಮೂವತ್ತು ಗುಂಟೆ ಜಾಗ ಅದು. ಮೊದಲು ಅಲ್ಲಿ ಮುರುಗೆಪ್ಪನ ಅಣ್ಣ ಗುರುಶಿದ್ದಪ್ಪನ ಹತ್ತಿ ಗೋದಾಮಿತ್ತು. ಮಕ್ಕಳಿಲ್ಲದ ಅಣ್ಣ ಹೋದ ವರ್ಷ ತೀರಿಕೊಂಡ, ಜಾಗ ತಮ್ಮನಿಗೆ ಬಂತು. ಗೋದಾಮು ಕೆಡವಿಸಿದ ತಮ್ಮ ಈಗ ನಾಲ್ಕು ಮಾಳಿಗೆಯ ಕಾಂಪ್ಲೆಕ್ಸ್ ಎಬ್ಬಿಸಲು ಹೊರಟಿದ್ದ. ನಕ್ಷೆಯಲ್ಲಿ ಬೊಟ್ಟು ಮಾಡಲು ಒಂದೂ ತಪ್ಪಿರಲಿಲ್ಲ. ಸುತ್ತಲೂ ಏನೂ ಕಟ್ಟದೆ ಐದು ಮೀಟರ್ ಬಿಟ್ಟ ಜಾಗ, ಎರಡು ಕಡೆ ಮೆಟ್ಟಿಲು, ಬೆಂಕಿ ಆರಿಸಲು ನೀರಿನ ಟ್ಯಾಂಕು, ಇಡೀ ಕಟ್ಟಡದಡಿ ಗಾಡಿ ನಿಲ್ಲಿಸಲು ನೆಲಮಾಳಿಗೆ. ಮಣ್ಣಿನ ವರದಿಯೊಂದು ಬಂದರೆ ಪರವಾನಗಿ ಕೈಗೆ.

“ಅಂಗಡಿ ಎಷ್ಟು ಬರ್ತಾವ್ರಿ?” ಶಾಹೀನ ಸುಮ್ಮನೆ ಕೇಳಿದಳು.

“ಬರ್ತಾವ… ನಕ್ಷಾದಾಗ ಐತಿ ನೋಡ್ರಿ.”

ಹತ್ತಿ ವ್ಯಾಪಾರದಲ್ಲಿ ತಲೆ ನರೆತ ಮನುಷ್ಯ. ತನ್ನ ಕಾಂಪ್ಲೆಕ್ಸಿಗೆ ಎಷ್ಟು ಅಂಗಡಿ ಎಂಬುದೇ ಗೊತ್ತಿಲ್ಲ!

ಶಾಹೀನ ಅವನಿಗೆ ಒಂದು ಮಾತು ಹೇಳಿರಲಿಲ್ಲ. ಅವನ ಮಗಳು ಭಾಗ್ಯಶ್ರೀ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷ ಇವಳ ಪಕ್ಕದಲ್ಲೇ ಕೂತವಳು. ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಳು. ಒಂಬತ್ತು ವರ್ಷದ ಹಿಂದೆ ಒಂದು ಸಂಜೆ ಕಾಣೆಯಾದಳು. ಆ ಹುಡುಗ ಊರಲ್ಲೇ ಇದ್ದ, ಹುಚ್ಚನಂತೆ ಹುಡುಕಿದ. ಆದರೂ ಕೆಲವರು ಓಡಿಹೋದಳು ಅಂದರು. ಉಳಿದವರು ದನಿ ತಗ್ಗಿಸಿ ಅಪ್ಪನ ಕಡೆ ನೋಡಿದರು. ಪೊಲೀಸರು ಮೂರು ಸಲ ಮುರುಗೆಪ್ಪನನ್ನು ಕರೆಸಿ, ಮೂರು ಸಲ ಬಿಟ್ಟರು.

ತನಗೊಂದು ಮಾತು ಹೇಳದೆ ಭಾಗ್ಯಾ ಹೋಗುವವಳಲ್ಲ. ಈ ಒಂಬತ್ತು ವರ್ಷ ಶಾಹೀನಳಿಗೆ ಅದೇ ಕೊರೆತ. ತರಗತಿಯಲ್ಲಿ ಪಿಸುಗುಟ್ಟುತ್ತಿದ್ದ ಆ ದನಿ ಈಗಲೂ ಒಮ್ಮೊಮ್ಮೆ ಕಿವಿಯ ಹತ್ತಿರವೇ ಕೇಳಿದಂತಾಗಿ, ಕೆಲಸದ ನಡುವೆ ತಿರುಗಿ ನೋಡುತ್ತಿದ್ದಳು. ಮುರುಗೆಪ್ಪನ ಫೈಲು ಮೇಜಿಗೆ ಬಂದಾಗ ಹೆಸರನ್ನು ಎರಡು ಸಲ ಓದಿದ್ದಳು. ಅವರ ಮನೆಗೆ ಹೋದದ್ದು ಒಂದೇ ಸಲ. ಗುರುತಿರಲಾರದು ಎಂದು ಧೈರ್ಯ ತಂದುಕೊಂಡಿದ್ದಳು.

“ಮೇಡಂ, ಇಲ್ಲಿ ನೋಡ್ರಿ,” ಅಗೆಯುವ ಇಮಾಮಹುಸೇನ ಕರೆದ. “ನಿನ್ನೆ ನಾ ಸುಣ್ಣದ ಗುರ್ತು ಹಾಕಿದ್ದು ನಡೂಕ. ಯಾರೋ ಅಳಿಸಿ ಹಿಂದಿನ ಗೋಡಿ ಕಡೆ ಹಾಕ್ಯಾರ.”

“ನಾನಽ ಹಾಕೇನಿ,” ಎಂದ ಮುರುಗೆಪ್ಪ.

“ಅದು ಬಿಟ್ಟ ಜಾಗಾರಿ. ಅಲ್ಲಿ ಕಟ್ಟಾಕ ಕಾಯ್ದೆ ಒಪ್ಪೂದಿಲ್ಲ. ಪಾಯಾ ಬರಲಾರದಲ್ಲಿ ಮಣ್ಣು ನೋಡಿ ಏನ್ ಮಾಡೂದೈತ್ರಿ?” ಎಂದಳು ಶಾಹೀನ.

“ಅಲ್ಲೇ ನೋಡ್ರಿ. ನಡೂಕ ಬ್ಯಾಡ.”

ಶಾಹೀನ ನಡುವಿನ ನೆಲದ ಕಡೆ ನೋಡಿದಳು. ನಡುವೆ ಯಾಕೆ ಬೇಡ?

“ನಿಯಮದ ಪ್ರಕಾರ ನಡೂಕಽ ಮೊದಲು,” ಎಂದಳು. ದನಿ ಗಟ್ಟಿಯಾಗಿಯೇ ಬಂತು. ಮುರುಗೆಪ್ಪ ವಾದ ಮಾಡಲಿಲ್ಲ. ಇಟ್ಟಂಗಿ ರಾಶಿಯ ಮೇಲೆ ಹೋಗಿ ಕೂತ.

ಮೊದಲು ಎರೆಮಣ್ಣು. ಸೊಂಟದಾಳಕ್ಕೆ ಗುದ್ದಲಿ ಏನಕ್ಕೋ ತಾಗಿ ಠಣ್ ಎಂದಿತು. ಇಮಾಮಹುಸೇನ ಕೈ ತಡೆದ. ಮುರುಗೆಪ್ಪ ಓಡಿ ಬಂದು ಗುಂಡಿಗೆ ಇಳಿದೇಬಿಟ್ಟ. ಅರವತ್ತೆಂಟರ ಮುದುಕ ಮೊಣಕಾಲೂರಿ ಕೈಯಿಂದಲೇ ಮಣ್ಣು ಸರಿಸಿದ. ಸಿಕ್ಕದ್ದು ಹತ್ತಿ ಮೂಟೆಗೆ ಬಿಗಿಯುವ ಕಬ್ಬಿಣದ ಪಟ್ಟಿ. ಅದನ್ನು ಅಲ್ಲೇ ಬಿಟ್ಟು ದೊಡ್ಡ ಉಸಿರು ಹಾಕಿದ. ಪಾರಾದವನ ಉಸಿರು ಎಂದುಕೊಂಡಳು ಶಾಹೀನ.

ಆಳೆತ್ತರ ಅಗೆದ ಮೇಲೆ ಗರಸು ಬಂತು, ಯಾರೂ ಕದಡದ ಗಟ್ಟಿ ಕಲ್ಲುಮಣ್ಣು. ಬೇರೇನೂ ಇರಲಿಲ್ಲ.

ಇಮಾಮಹುಸೇನನನ್ನು ಚಹಾ ಕುಡಿದು ಬಾ ಎಂದು ಕಳಿಸಿದಳು. ಅವನು ಗೇಟು ದಾಟುವುದನ್ನೇ ಕಾದು ಈ ಕಡೆ ತಿರುಗಿದಳು.

“ಕಾಕಾ, ನಾ ಭಾಗ್ಯಾನ ಗೆಳತಿ. ಈ ಜಾಗಾದಾಗ ಏನ್ ಮುಚ್ಚಿಟ್ಟೀರಿ ಹೇಳ್ರಿ. ಇಲ್ಲಂದ್ರ ನಾ ವರದಿಗೆ ಸಹಿ ಮಾಡೂದಿಲ್ಲ. ಸೀದಾ ಪೊಲೀಸರ ಕಡೆ ಹೋಗ್ತೇನಿ.”

ಮುದುಕ ಗುಂಡಿಯ ಅಂಚಿನಲ್ಲೇ ಕೂತಿದ್ದ.

“ನೀ ಭಾಗ್ಯಾನ ಗೆಳತಿ ಅಂತ ಗೊತ್ತೈತವ್ವಾ. ಮಣ್ಣು ನೋಡವ್ರು ಹುಬ್ಬಳ್ಳ್ಯಾಗ ಭಾಳ ಮಂದಿ ಅದಾರ. ಅದಕ್ಕಂತಽ ನಿನ್ನ ಕರದೆ.”

ಶಾಹೀನ ಎರಡು ಹೆಜ್ಜೆ ಹತ್ತಿರ ಬಂದಳು.

“ನಡೂಕಿಂದು ಹೆಂಗೂ ನೆಲಮಾಳಿಗಿಗೆ ಅಂತ ಪೂರ್ತಿ ಅಗೀತಾರ, ಹತ್ತು ಮಂದಿ ಕಣ್ಣ ಮುಂದ. ಬಿಟ್ಟ ಜಾಗಾ ಮಾತ್ರ ಮುಂದ ಯಾರೂ ಮುಟ್ಟೂದಿಲ್ಲ. ಅದನ್ನ ನೀನಽ ನೋಡಬೇಕು.”

“ಏನ್ ನೋಡಬೇಕ್ರಿ?”

“ನಮ್ಮಣ್ಣ ಸಾಯೋಮುಂದ ಬಾಯಿ ಬಿಟ್ಟ. ‘ಭಾಗ್ಯಾ ಓಡಿ ಹೋಗಿಲ್ಲೋ ತಮ್ಮಾ. ಮನಿ ಮರ್ಯಾದಿ ಅಂತ ನಾನಽ ಮಾಡಿದೆ. ಗೋದಾಮಿನ ಜಾಗಾದಾಗ ಅದಾಳ’ ಅಂದ. ಎಲ್ಲಿ ಅಂತ ಕೇಳೂದ್ರಾಗ ಜೀವ ಹೋತು.”

ಶಾಹೀನ ಅವನ ಪಕ್ಕ ಗುಂಡಿಯ ಅಂಚಿಗೆ ಕೂತಳು. ಆಮೇಲೆ ಕೇಳಿದಳು: “ಜಾಗಾ ನಿಮ್ಮದಽ ಐತೆಲ್ಲ ಕಾಕಾ. ನೀವಽ ಅಗಸಬಹುದಿತ್ತು. ಕಾಂಪ್ಲೆಕ್ಸ್ ಯಾಕ ಬೇಕಾಗಿತ್ತು?”

“ನಾ ಅಗದು ತಗದ್ರ ನಾನಽ ಹುಗದಿದ್ದೆ ಅಂತಾರವ್ವಾ. ನೀ ತಗದ್ರ ಮುರುಗೆಪ್ಪಗ ಮಗಳು ಸಿಕ್ಕಳು ಅಂತಾರ.”