ಕಾರ್ನರ್‌ನಲ್ಲಿ ನಿಂತವಳ ಭುಜ

ಓದಿ ಸಿಟ್ಟು ಬಂದರೆ ಬರಲಿ... ಕೇಳಿದಾಗ ನನಗೂ ಬಂದಿತ್ತು.

ಮಂಡ್ಯ ಕಡೆಯ ಒಂದು ಕಾಲೇಜು. ಅಲ್ಲಿನ ಹುಡುಗಿಯರ ಕಬಡ್ಡಿ ಟೀಮಿಗೆ ಯಾರೋ ದಾನಿಗಳು ಸೆನ್ಸರ್ ಇರುವ ಜಾಕೆಟ್ ಕೊಡಿಸಿದರು. ಯಾರು ಎಷ್ಟು ದೂರ ಓಡಿದರು, ಎಷ್ಟು ವೇಗವಾಗಿ ಓಡಿದರು ಎನ್ನುವುದೆಲ್ಲ ಕೋಚ್ ಮೊಬೈಲಿಗೆ ಒಬ್ಬೊಬ್ಬರದೊಂದು ಗೆರೆಯಾಗಿ ಬರುತ್ತದಂತೆ.

ಅಂದಿನಿಂದ ಕೋಚ್ ವಿಮಲಾಕ್ಷಿ ಮೇಡಂ ಆಟ ನೋಡುವುದನ್ನೇ ಬಿಟ್ಟರು. ಮೊಬೈಲ್ ನೋಡತೊಡಗಿದರು.

ಓಡಾಡಿ ರೈಡ್ ಮಾಡುವವರ ಗೆರೆ ಮೇಲೆ. ಕಾರ್ನರ್‌ನಲ್ಲಿ ನಿಂತು, ನುಗ್ಗಿ ಬಂದವರ ಕಾಲು ಹಿಡಿದು ಕೆಡವುವ ಭಾಗೀರಥಿಯ ಗೆರೆ ಯಾವಾಗಲೂ ಕೆಳಗೆ.

"ನಿಂತ್ಕೊಂಡೇ ಕಾಲ ಕಳೀತಿದ್ದೀಯ. ಹೋಗು, ಗ್ರೌಂಡ್ ಸುತ್ತು."

ಸುತ್ತಿದಳು. ದಿನಾ ಸುತ್ತಿದಳು... ಕಾಲು ಹಿಡಿಯುವಾಗ ಒದೆ ತಿಂದು ತಿಂದು ಭುಜ ನೋಯುತ್ತಿತ್ತು. ನೋವು ಅಂದರೆ ರಾಜ್ಯ ತಂಡದ ಸೆಲೆಕ್ಷನ್‌ಗೆ ಕಳಿಸುವುದಿಲ್ಲ ಎಂಬ ಭಯ. ಬಾಯಿ ಬಿಡಲಿಲ್ಲ.

ಪ್ರಾಕ್ಟೀಸ್‌ಗೆ ಮುಂಚೆ ಈ ಹುಡುಗಿಯರು ಸಾಲಾಗಿ ಕೂತು, ಮುಂದಿನವಳಿಗೆ ಬಿಗಿಯಾಗಿ ಜಡೆ ಹೆಣೆಯುತ್ತಾರೆ. ಒಂದು ದಿನ ಭಾಗೀರಥಿ ಮುಂದಿನವಳ ಜಡೆ ಮುಟ್ಟದೆ ಸುಮ್ಮನೆ ಕೂತಿದ್ದಳು.

"ಯಾಕೆ, ಏನಾಯ್ತು?" ಅವಳ ಹಿಂದಿದ್ದ ಕ್ಯಾಪ್ಟನ್ ತಬಸ್ಸುಮ್ ಕೇಳಿದಳು.

"ಕೈ ಎತ್ತಕ್ಕಾಗ್ತಿಲ್ಲ ಕಣಕ್ಕ... ಮೇಡಂಗೆ ಹೇಳ್ಬೇಡ."

ಕಾಲರ್ ಸರಿಸಿದರೆ ಭುಜವೆಲ್ಲ ನೀಲಿಗಟ್ಟಿತ್ತು.

ತಬಸ್ಸುಮ್‌ಗೆ ಮೈಯೆಲ್ಲ ಉರಿದುಹೋಯಿತು. ಒಂದು ಜಾಕೆಟ್ ತಗೊಂಡು ಸೀದಾ ಮೇಡಂ ಮುಂದೆ ನಿಂತಳು.

"ಹಾಕ್ಕೊಳ್ಳಿ ಮೇಡಂ. ಇವತ್ತು ಕಾರ್ನರ್‌ನಲ್ಲಿ ನೀವ್ ನಿಂತ್ಕೊಳ್ಳಿ. ನಾವ್ ರೈಡ್ ಬತ್ತೀವಿ."

ಮೇಡಂ ನಕ್ಕರು. ಒಂದು ಕಾಲಕ್ಕೆ ಹೆಸರು ಮಾಡಿದ ರೈಡರ್ ಅವರು... ಕಾರ್ನರ್‌ನಲ್ಲಿ ಎಂದೂ ನಿಂತವರಲ್ಲ.

ಒಬ್ಬೊಬ್ಬರಾಗಿ ನುಗ್ಗಿದರು. ಮೊಣಕಾಲು ಎದೆಗೆ ಬಡಿಯಿತು, ಹಿಮ್ಮಡಿ ಭುಜಕ್ಕೆ. ಕಡೆಗೆ ಮೇಡಂ ಉಸಿರು ಸಿಗದೆ ಮ್ಯಾಟ್ ಮೇಲೆ ಕೂತುಬಿಟ್ಟರು.

ತಬಸ್ಸುಮ್ ಮೊಬೈಲ್ ತಂದು ಹಿಡಿದಳು. ಮೇಡಂ ಗೆರೆ ಎಲ್ಲರಿಗಿಂತ ಕೆಳಗಿತ್ತು.

"ನಿಂತ್ಕೊಂಡೇ ಕಾಲ ಕಳೆದ್ರಿ ಮೇಡಂ. ಹೋಗಿ, ಗ್ರೌಂಡ್ ಸುತ್ತಿ."

ಯಾರೂ ನಗಲಿಲ್ಲ.

ಮೇಡಂ ಒದೆ ತಿಂದ ತಮ್ಮ ಭುಜ ಹಿಡಿದುಕೊಂಡೇ ಭಾಗೀರಥಿಯನ್ನು ಹತ್ತಿರ ಕರೆದು, "ಕೈ ಎತ್ತವ್ವ" ಎಂದರು. ಕೈ ಭುಜದವರೆಗೂ ಬರಲಿಲ್ಲ. ಅವಳನ್ನು ತಬ್ಬಿಕೊಂಡು ಮೇಡಂ ಅತ್ತುಬಿಟ್ಟರು...

ಅತ್ತು ಏನು ಬಂತು? ಸ್ಕ್ಯಾನ್ ಮಾಡಿಸಿದರೆ ಭುಜದ ಸ್ನಾಯು ಹರಿದಿತ್ತು. ಸೆಲೆಕ್ಷನ್‌ಗೆ ಬಸ್ ಹೊರಟಿತು, ಅವಳನ್ನು ಬಿಟ್ಟು.

ಈಗ ದಿನಾ ಬೆಳಗ್ಗೆ ಅವಳ ಜಡೆ ಹೆಣೆಯುವುದು ಮೇಡಂ. ಹೆಣೆಯಲಿ... ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

*ಮಷೀನ್‌ಗೆ ಕಾಣದ ನೋವೂ ನೋವೇ.*

ನಿಮ್ಮ ಕೈಕೆಳಗೆ ದುಡಿಯುವವರನ್ನು "ಎಲ್ಲಾದರೂ ನೋಯ್ತಿದೆಯಾ" ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ?