ಹಳದಿ ಹೂವಿನ ಮೂಲೆ

ಚೆಲುವರಾಜು ತಳ್ಳುತ್ತಿದ್ದ ಹುಲ್ಲು ಕತ್ತರಿಸುವ ಲಾನ್‌ಮೋವರ್ ಅಂಗಳದ ಹಳದಿ ಹೂವಿನ ಮೂಲೆಗೆ ತಿರುಗುವಷ್ಟರಲ್ಲಿ ಲಾವಣ್ಯಾ ಅಡ್ಡ ನಿಂತು ಅದನ್ನು ನಿಲ್ಲಿಸಿದಳು. ಖಾಲಿ ಉಪ್ಪಿನಕಾಯಿ ಬಾಟಲಿಯನ್ನು ಗಂಡನ ಮುಖದೆದುರು ಹಿಡಿದಳು. ಒಳಗೊಂದು ಪುಟ್ಟ ಕಪ್ಪು ಜೇನು.

“ಕುಕೂ ಬೀ. ಅಳಿದೇ ಹೋಯ್ತು ಅಂದ್ಕೊಂಡಿದ್ರು. ಕೋಗಿಲೆ ಥರ ಬೇರೆ ಜಾತಿ ಜೇನಿನ ಗೂಡಲ್ಲಿ ಕದ್ದು ಮೊಟ್ಟೆ ಇಡುತ್ತೆ.”

“ಕಳ್ಳನಿಗೋಸ್ಕರ ಹುಲ್ಲು ಬೆಳೆಸ್ಲಾ? ಫೋರ್‌ಕ್ಲೋಶರ್ ಆಗಿ ಬ್ಯಾಂಕ್ ಪಾಲಾಗಿ ಖಾಲಿ ಬಿದ್ದಿರೋ ಎದುರುಮನೆ ಥರ ಕಾಣ್ಸುತ್ತೆ ನಮ್ದೂ,” ಎಂದ ಚೆಲುವರಾಜು.

“ಆ ಗೂಡು ಕಟ್ಟೋ ಜೇನು ಈ ಹೂವಿಲ್ದೆ ಬದುಕಲ್ಲ. ಅದು ಚೆನ್ನಾಗಿ ಬಾಳ್ತಿರೋ ಕಡೆಗೆ ಮಾತ್ರ ಇದು ಬರೋದು. ನಮ್ಮೂರು ಈಸ್ಟ್ ಬ್ರನ್ಸ್‌ವಿಕ್‌ಗೆ, ಅದೂ ನಮ್ಮನೆಗೆ ಬಂದಿದೆ.”

ಅವಳು ಮುಚ್ಚಳ ತೆಗೆದಳು. ಜೇನು ಹೂಗಳತ್ತ ಹಾರಿತು. ಚೆಲುವರಾಜು ಮೋವರನ್ನು ಹಿಂದಕ್ಕೆಳೆದ.

ಬೇಲಿಯಾಚೆಯಿಂದ ಪಕ್ಕದ ಮನೆಯ ನಿತ್ಯಾನಂದ ಅಂಕಲ್ ಕೇಳಿದರು: “ಆ ಮೂಲೆ ಹಾಗೇ ಬಿಟ್ರಲ್ಲ?”

ಚೆಲುವರಾಜು ಎದೆಯುಬ್ಬಿಸಿ ನಿಂತ. “ಅದು ತುಂಬಿದ ಮನೆ ಅಂಕಲ್. ಕಳ್ಳರೂ ಹುಡುಕ್ಕೊಂಡು ಬರ್ತಾರೆ.”