ಅಂಚಿನ ಸ್ಟೂಲು

ಕತ್ತರಿಸುವ ಗೆರೆಯನ್ನು ಅಣ್ಣ ಕಂಪ್ಯೂಟರ್ ಪರದೆಯ ಮೇಲೆ ಎಳೆಯುತ್ತಾ ಬಂದು, ಅಮ್ಮನನ್ನು ಹೊರಗೆ ಬಿಟ್ಟು ನಿಲ್ಲಿಸಿದ. ಸ್ಟುಡಿಯೊಗೆ ಐವತ್ತು ತುಂಬಿದ ದಿನದ ಗ್ರೂಪ್ ಫೋಟೊ ಅದು, ಆಗಷ್ಟೇ ತೆಗೆದದ್ದು. ನಡುವೆ ಕೂತ ಅಣ್ಣ ಚೆನ್ನಾಗೇ ಬಂದಿದ್ದ. ಅಂಚಿನಲ್ಲಿದ್ದ ಅಮ್ಮನ ಮುಖ ಮಾತ್ರ ಪೆಟ್ಟು ತಿಂದವರ ಹಾಗೆ ನೇರಳೆಗಟ್ಟಿತ್ತು.

"ಹಳೇ ವೈಡ್ ಲೆನ್ಸನ್ನ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾಗೆ ಹಾಕಿದ್ರೆ ಅಂಚು ಹೀಗೇ ಬಣ್ಣಗೆಡೋದು," ಅಂದ. "ಫಿಲಂನಲ್ಲಿ ಸರಿಯಾಗಿ ಬರ್ತಿತ್ತು. ಈ ತುದಿ ತೆಗೆದ್ರಾಯ್ತು."

"ಬೇರೆ ಲೆನ್ಸ್ ಹಾಕು ಅಂತ ಬಡ್ಕೊಂಡೆ," ಅಂದಳು ತಂಗಿ.

"ಅಪ್ಪನ ಲೆನ್ಸಲ್ಲೇ ತೆಗೀಬೇಕು. ಅದು ಈ ಸ್ಟುಡಿಯೊದ ಮರ್ಯಾದೆ."

"ಅಪ್ಪನ ಲೆನ್ಸು ಬೇಕು, ಅಮ್ಮ ಬೇಡ."

ಬಾಗಿಲಲ್ಲಿ ನಿಂತಿದ್ದ ಅಮ್ಮ, "ಹೋಗ್ಲಿ ಬಿಡೇ, ನನ್ನ ಮುಖ ನೋಡಿ ಯಾರಿಗೇನಾಗ್ಬೇಕು," ಅಂದು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಮೂವತ್ತು ವರ್ಷ ಡಾರ್ಕ್‌ರೂಮಿನಲ್ಲಿ ಫಿಲಂ ತೊಳೆದೂ ತೊಳೆದೂ ಕೆಮಿಕಲ್ಲು ತಿಂದುಹಾಕಿದ ಬೆರಳುಗಳು. ತಂಗಿಗೆ ಮೈಯೆಲ್ಲ ಉರಿದುಹೋಯಿತು.

ಅಮ್ಮನ ಕೈ ಹಿಡಿದುಕೊಂಡೇ ಅವಳು ಹಜಾರಕ್ಕೆ ನುಗ್ಗಿದಳು. ಕ್ಯಾಮೆರಾ ಇನ್ನೂ ಸ್ಟ್ಯಾಂಡಿನ ಮೇಲಿತ್ತು, ಆಸನಗಳ ಸಾಲೂ ಹಾಗೇ ಇತ್ತು. ನೆಂಟರು ಹರಟುತ್ತಾ ನಿಂತಿದ್ದರು. ನಡುವಿನ ದೊಡ್ಡ ಕುರ್ಚಿಯನ್ನು ನೆಲ ಕಿರ್ರೆನ್ನುವಂತೆ ಎಳೆದು ಸಾಲಿನ ತುದಿಗೆ ತಂದು ಕುಕ್ಕಿದಳು. ಅಂಚಿನಲ್ಲಿದ್ದ ಅಮ್ಮನ ಸ್ಟೂಲನ್ನು ನಡುವೆ ಇಟ್ಟು, ಭುಜ ಒತ್ತಿ ಅವಳನ್ನು ಕೂರಿಸಿದಳು.

ಹಿಂದೆಯೇ ಓಡಿಬಂದ ಅಣ್ಣನಿಗೆ ತುದಿಯ ಕುರ್ಚಿ ತೋರಿಸಿದಳು.

"ಲೆನ್ಸು ಅಪ್ಪಂದೇ ಇರ್ಲಿ. ಬಾ, ಕೂತ್ಕೋ ಅಣ್ಣ. ಆಮೇಲೆ ಎಷ್ಟು ಬೇಕೋ ಅಷ್ಟು ಕತ್ತರಿಸು."